ಬೋರ್ ನೀರು ಹಾಕಿದ ರಾತ್ರಿಯೇ ಒಂಬತ್ತು ಮೀನು ಹೋದವು. ತಪ್ಪಾಗಿದ್ದು ಎಲ್ಲಿ?

ಟೇಕಲ್ ರೋಡ್, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಟೇಕಲ್ ರಸ್ತೆ ಕಡೆ ನಮ್ಮ ಮನೆ. ಮನೆ ಮುಂದೆಯೇ ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೀನಿ. ಮೀನಿನ ಟ್ಯಾಂಕ್ ಅಂಗಡಿಯಲ್ಲೇ ಕೌಂಟರ್ ಪಕ್ಕ ಇದೆ. ಮೂರಡಿ ಉದ್ದ, ಮರಳು ಕಲ್ಲು ಕಳೆದರೆ ಸುಮಾರು 130 ಲೀಟರ್ ನೀರು ಹಿಡಿಯುತ್ತೆ. ನಿಯಾನ್ ಟೆಟ್ರಾ 10, ಕೋರಿಡೋರಾಸ್ 5, ಕಪ್ಪು ಮೋಲಿ 4, ಪ್ಲಾಟಿ 3 ಇದ್ದವು. ಹೋದ ಮಂಗಳವಾರ ರಾತ್ರಿ ಒಂದೇ ಏಟಿಗೆ ಒಂಬತ್ತು ಹೋದವು. ಆರು ನಿಯಾನ್, ಎರಡು ಕೋರಿ, ಒಂದು ಮೋಲಿ. ಯಾಕೆ ಅಂತ ಗೊತ್ತಾಗದೆ ಮತ್ತೆ ಟ್ಯಾಂಕಿಗೆ ಕೈ ಹಾಕೋಕೆ ಧೈರ್ಯ ಬರ್ತಿಲ್ಲ. ಅದಕ್ಕೆ ಮೊದಲಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಟ್ಯಾಂಕ್ ಶುರು ಮಾಡಿದ್ದು ಸಂಕ್ರಾಂತಿ ಹೊತ್ತಿಗೆ, ಮನೆಯ ಬೋರ್ ನೀರಲ್ಲೇ. ನಮ್ಮ ಬೋರ್ ನೀರು ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಲ್ಲಿ ಬಾಯಿಗೆ ಬಿಳಿ ಪಟ್ಟು ಕಟ್ಟಿರುತ್ತೆ, ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತೆ, ತೊಗರಿಬೇಳೆ ಬೇಯೋದೇ ಇಲ್ಲ. ಬೇಳೆಗೆ ಅಂತಲೇ ಅಮ್ಮ ಕ್ಯಾನ್ ನೀರು ಬೇರೆ ಇಟ್ಟಿರ್ತಾರೆ. ಮೊದಲ ತಿಂಗಳಲ್ಲೇ ಐದಾರು ನಿಯಾನ್ ಸತ್ತವು. ಮೀನು ಕೊಟ್ಟ ಅಂಗಡಿಯವರು "ಪಿಎಚ್ ಜಾಸ್ತಿ ಇದೆ, ಅದಕ್ಕೆ" ಅಂತ ಒಂದು ಬಾಟಲಿ ಪಿಎಚ್ ಇಳಿಸೋ ದ್ರವ ಕೊಟ್ಟರು. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ, ಕಮ್ಮಿ ಆದಷ್ಟೂ ಹುಳಿ. ಬೆಳಿಗ್ಗೆ ಹನಿ ಹಾಕಿದರೆ ಇಳೀತಿತ್ತು, ಸಂಜೆ ಪಿಎಚ್ ಕಿಟ್ಟಿನಲ್ಲಿ ನೋಡಿದರೆ ಮತ್ತೆ ಮೊದಲಿನ ನೀಲಿ ಬಣ್ಣ. ಎರಡು ಬಾಟಲಿ ಖಾಲಿ ಆದ ಮೇಲೆ ಅದನ್ನ ಬಿಟ್ಟೆ.

ಯುಗಾದಿ ಆದ ಮೇಲೆ ಹೊಸ ನಿಯಾನ್ ತಂದು, ಬೋರ್ ನೀರು ಪೂರ್ತಿ ನಿಲ್ಲಿಸಿದೆ. ಬೀದಿ ಕೊನೆಯ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ವಾರಕ್ಕೆ ಎರಡು ಕ್ಯಾನ್ ಆರ್‌ಓ ನೀರು ಬದಲಾಯಿಸ್ತಿದ್ದೆ. ನೀರಲ್ಲಿ ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್‌ನಲ್ಲಿ 50ರ ಆಸುಪಾಸು. ನಿಯಾನ್‌ಗಳ ಬಣ್ಣ ನೋಡಬೇಕಿತ್ತು ನೀವು, ಕೆಂಪು ಗೆರೆ ಬಾಲದ ತನಕ ಎದ್ದು ಕಾಣ್ತಿತ್ತು. ಐದು ತಿಂಗಳು ಒಂದೂ ಸಾಯಲಿಲ್ಲ. ನೀರು ಗಾಜಿನ ಹಾಗೆ.

ಆಮೇಲೆ ಗಣೇಶನ ಹಬ್ಬದ ಗಲಾಟೆಯಲ್ಲಿ ಮೂರು ವಾರ ನೀರು ಬದಲಾಯಿಸೋಕೆ ಆಗಲಿಲ್ಲ. ಹಬ್ಬ ಮುಗಿದು ನೋಡಿದರೆ ಮೀನು ಊಟಕ್ಕೆ ಬರ್ತಿರಲಿಲ್ಲ. ಮೋಲಿಗಳು ಒಂದೇ ಜಾಗದಲ್ಲಿ ನಿಂತು ಮೈ ಅಲ್ಲಾಡಿಸ್ತಿದ್ದವು, ಈಜ್ತಾ ಇದ್ದರೂ ಮುಂದಕ್ಕೆ ಹೋಗ್ತಿರಲಿಲ್ಲ. ಪಿಎಚ್ ಕಿಟ್‌ನಲ್ಲಿ ನೋಡಿದೆ, ಹಳದಿ. ಕಾರ್ಡಿನಲ್ಲಿ ಹಳದಿ ಅಂದರೆ 6.0. ನೀರು ಕೆಟ್ಟಿದೆ, ಜಾಸ್ತಿ ಬದಲಾಯಿಸೋಣ ಅಂದುಕೊಂಡರೆ ಅವತ್ತೇ ಘಟಕದ ಮೋಟಾರು ಸುಟ್ಟು ಬಾಗಿಲು ಹಾಕಿತ್ತು. ಒಂದು ಸಲಕ್ಕೆ ಏನಾಗುತ್ತೆ ಅಂತ 70 ಲೀಟರ್ ತೆಗೆದು ಬೋರ್ ನೀರು ತುಂಬಿದೆ. ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ಇಟ್ಟು, ಬ್ರಶ್ ಹಾಕಿ ಉಜ್ಜಿ, ಕಾರ್ಬನ್ ಕಾರ್ಟ್ರಿಜ್ ಹೊಸದು ಹಾಕಿದೆ. ರಾತ್ರಿ ಎಂಟಕ್ಕೆ ಇದೆಲ್ಲ ಮುಗೀತು. ಹತ್ತು ಗಂಟೆಗೆ ಎಲ್ಲ ಮೀನು ನೀರಿನ ಮೇಲೆ ಬಾಯಿ ಬಿಡ್ತಿದ್ದವು. ಕೋರಿಗಳು ತಳ ಬಿಟ್ಟು ಮೇಲೆ ಓಡೋದು, ಮತ್ತೆ ಬೀಳೋದು. ಬೆಳಗಾಗೋದರೊಳಗೆ ಒಂಬತ್ತು.

ಬುಧವಾರ ಅಮೋನಿಯಾ ಕಿಟ್ ತಂದು ನೋಡಿದರೆ ಕಡು ಹಸಿರು, 4ರ ಬಣ್ಣ. ಪಿಎಚ್ ಈಗ ಕಡು ನೀಲಿ, 7.6. ಅಂಗಡಿಯವರು ಬೋರ್ ನೀರಲ್ಲಿ ಏನೋ ವಿಷ ಇರಬೇಕು ಅಂತಾರೆ. ಆದರೆ ಅದೇ ಬೋರ್ ನೀರಲ್ಲಿ ಇದೇ ಮೋಲಿಗಳು ಎರಡು ತಿಂಗಳು ಚೆನ್ನಾಗಿಯೇ ಇದ್ದವಲ್ಲ? ಹದಿಮೂರು ಉಳಿದಿವೆ. ಅವನ್ನಾದರೂ ಉಳಿಸಿಕೊಳ್ಳಬೇಕು.

ಹೇಮಾವತಿ ನೀರು, ತುಮಕೂರು

ಅಣ್ಣ, ಕಾರಣ ಆಮೇಲೆ ನೋಡೋಣ. ಮೊದಲು ಊಟ ಹಾಕೋದು ನಿಲ್ಲಿಸಿ. ನಾಲ್ಕು ದಿನ ತಿನ್ನದಿದ್ದರೆ ಮೀನು ಸಾಯಲ್ಲ, ತಿಂದರೆ ಅಮೋನಿಯಾ ಇನ್ನೂ ಏರುತ್ತೆ. ಏರ್ ಪಂಪ್ ಇದ್ದರೆ ಪೈಪಿಗೆ ಗಾಳಿ ಗುಳ್ಳೆ ಬಿಡೋ ಏರ್ ಸ್ಟೋನ್ ಹಾಕಿ ಫುಲ್ ಬಿಡಿ. ಸತ್ತಿರೋದು ಕಲ್ಲಿನ ಸಂದಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದೆಯಾ ಅಂತ ಎಣಿಸಿ ನೋಡಿ. ಫಿಲ್ಟರ್ ಮತ್ತೆ ತೆಗೀಬೇಡಿ, ಅದರಲ್ಲಿ ಏನಾದರೂ ಜೀವ ಉಳಿದಿದ್ದರೆ ಅದೇ ನಿಮಗೆ ಆಸರೆ.

ನಮ್ಮಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು. ನಿಮ್ಮಷ್ಟು ಗಡಸಲ್ಲ, ಆದರೆ ಕ್ಲೋರಿನ್ ಇರುತ್ತೆ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದು ನಾನೂ ಒಂದು ಸಲ ಪೂರ್ತಿ ಟ್ಯಾಂಕ್ ಕಳೆದುಕೊಂಡಿದ್ದೀನಿ. ನಿಮ್ಮ ಬೋರ್‌ನಲ್ಲಿ ಕ್ಲೋರಿನ್ ಇರಲ್ಲ, ಹಾಗಾಗಿ ನಿಮ್ಮದು ಬೇರೆ ಏನೋ ಇದೆ. ನಮ್ಮ ಗುಂಪಿನ ಚಿಂತಾಮಣಿ ಲ್ಯಾಬ್ ಮೇಡಂ ನೋಡಿದರೆ ಸರಿಯಾಗಿ ಹೇಳ್ತಾರೆ.

ಚಿಂತಾಮಣಿ ಲ್ಯಾಬ್

ಓದಿ ಬೇಜಾರಾಯಿತು. ಮೋಲಿ ನಿಂತಲ್ಲೇ ಮೈ ಅಲ್ಲಾಡಿಸ್ತಿತ್ತು ಅಂತ ನೀವು ಗಮನಿಸಿ ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ ಬೋರ್ ನೀರಲ್ಲಿ ವಿಷ ಇರಲಿಲ್ಲ. ವಿಷ ಆಗಲೇ ಟ್ಯಾಂಕಿನಲ್ಲಿ ಕೂತಿತ್ತು, ಆದರೆ ಕಚ್ಚದ ರೂಪದಲ್ಲಿ. ಬೋರ್ ನೀರು ಅದಕ್ಕೆ ಹಲ್ಲು ಕೊಟ್ಟಿತು.

ನಾನು ಕೆಲಸ ಮಾಡೋದು ಹಾಲಿನ ಲ್ಯಾಬಿನಲ್ಲಿ, ಬೆಳಗಿನಿಂದ ಸಂಜೆವರೆಗೆ ಆಮ್ಲ ಅಳೆಯೋದೇ ಕೆಲಸ. ಕ್ಯಾನಿನಲ್ಲಿ ಬಂದ ಹಾಲು ನೋಡೋಕೆ ಚೆನ್ನಾಗಿರುತ್ತೆ, ಮೂಸಿದರೂ ಗೊತ್ತಾಗಲ್ಲ. ಪ್ರನಾಳದಲ್ಲಿ 5 ಮಿಲಿ ಹಾಕಿ ಕುದಿಯೋ ನೀರಲ್ಲಿ ಇಟ್ಟರೆ ಚೂರುಚೂರಾಗಿ ಒಡೆಯುತ್ತೆ. ಹುಳಿ ರಾತ್ರಿಯೆಲ್ಲ ಒಳಗೇ ಕೂಡಿಕೊಳ್ತಾ ಇತ್ತು, ಹಾಲಿಗೆ ಅದನ್ನ ತಡೆದುಕೊಳ್ಳೋ ಶಕ್ತಿ ಇರೋ ತನಕ ಹೊರಗೆ ಕಾಣಿಸಲಿಲ್ಲ ಅಷ್ಟೆ. ಟ್ಯಾಂಕ್ ನೀರಿಗೂ ಹೀಗೆ ತಡೆದುಕೊಳ್ಳೋ ಶಕ್ತಿ ಇದೆ. ಅದಕ್ಕೆ ಕೆಎಚ್ ಅಂತಾರೆ, ಅಂದರೆ ನೀರಲ್ಲಿ ಕರಗಿರೋ ಬೈಕಾರ್ಬೊನೇಟ್. ನೀವು ಪಿಎಚ್ ನೋಡಿದಿರಿ, ಟಿಡಿಎಸ್ ನೋಡಿದಿರಿ, ಕೆಎಚ್ ಮಾತ್ರ ಯಾರೂ ನಿಮಗೆ ಹೇಳಿಕೊಡಲಿಲ್ಲ.

ಮೀನಿನ ಹೇಲು, ಉಳಿದ ಊಟ, ಕಿವಿರು ಎಲ್ಲದರಿಂದ ಅಮೋನಿಯಾ ಬರುತ್ತೆ. ಸ್ಪಂಜಿನಲ್ಲಿ ಮನೆ ಮಾಡಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತೆ. ಅಮೋನಿಯಾದಲ್ಲಿರೋ ಒಂದು ಮಿಲಿಗ್ರಾಂ ಸಾರಜನಕವನ್ನ ಹೀಗೆ ಬದಲಾಯಿಸೋಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆ, ಅಂದರೆ ಆ ಕೆಎಚ್‌ನ ಕೂಡಿಟ್ಟ ಗಂಟು, ಖರ್ಚಾಗುತ್ತೆ. ಬೋರ್ ನೀರಲ್ಲಿ ಆ ಗಂಟು ದೊಡ್ಡದು, ಎಷ್ಟು ಖರ್ಚು ಮಾಡಿದರೂ ಮುಗಿಯಲ್ಲ. ಆರ್‌ಓ ಯಂತ್ರ ಫ್ಲೋರೈಡ್ ತೆಗೆಯೋ ಹಾಗೆ ಅದನ್ನೂ ತೆಗೆದುಬಿಡುತ್ತೆ. ಐದು ತಿಂಗಳು ನೀವು ಹಾಕಿದ್ದು ಗಂಟೇ ಇಲ್ಲದ ನೀರು. ಹಳೇ ಬೋರ್ ನೀರಿನ ಉಳಿಕೆ ಇರೋ ತನಕ ಟ್ಯಾಂಕ್ ನಡೀತು. ಅದು ಮುಗಿದ ವಾರ ಪಿಎಚ್ ಜಾರಿಬಿತ್ತು.

ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಈ ಬ್ಯಾಕ್ಟೀರಿಯಾಗಳು ನಿಧಾನ ಆಗುತ್ತವೆ, 6ರ ಹತ್ತಿರ ಹೆಚ್ಚೂ ಕಡಿಮೆ ಕೈ ಚೆಲ್ಲುತ್ತವೆ. ಫಿಲ್ಟರ್ ಮೋಟಾರು ತಿರುಗ್ತಾನೇ ಇರುತ್ತೆ, ನೀರು ಗಾಜಿನ ಹಾಗೇ ಇರುತ್ತೆ, ಒಳಗೆ ಕೆಲಸ ಮಾತ್ರ ನಿಂತಿರುತ್ತೆ. ಹಬ್ಬದ ಮೂರು ವಾರ ಅಮೋನಿಯಾ ಹಾಗೇ ಕೂಡುತ್ತಾ ಹೋಯಿತು. ಆದರೂ ಮೀನು ಸಾಯಲಿಲ್ಲ. ಯಾಕೆಂದರೆ ಹುಳಿ ನೀರಲ್ಲಿ ಅಮೋನಿಯಾ ಅಮೋನಿಯಂ ಆಗಿ ಇರುತ್ತೆ, ಅದು ಕಿವಿರು ದಾಟಿ ಒಳಗೆ ಅಷ್ಟು ಸುಲಭವಾಗಿ ಹೋಗಲ್ಲ. 25 ಡಿಗ್ರಿ ನೀರಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ 0.5ಕ್ಕಿಂತ ಸ್ವಲ್ಪ ಮೇಲೆ. ಪಿಎಚ್ 8 ಆದರೆ ನೂರಕ್ಕೆ 5 ದಾಟುತ್ತೆ. 6ರಲ್ಲಿ ಇದ್ದಿದ್ದು 8ಕ್ಕೆ ಹೋದರೆ ಹತ್ತಿರ ಹತ್ತಿರ ನೂರು ಪಟ್ಟು. ರಾತ್ರಿ ಎಂಟಕ್ಕೆ ನೀವು ಬೋರ್ ನೀರು ತುಂಬಿದಾಗ ಆಗಿದ್ದು ಅದೇ. ಅರ್ಧಕ್ಕಿಂತ ಹೆಚ್ಚು ಹೊಸ ನೀರು ಹಾಕಿ ಅಮೋನಿಯಾ ಕಮ್ಮಿ ಮಾಡಿದಿರಿ, ಉಳಿದಿದ್ದು ವಿಷವಾಗಿ ಎದ್ದಿತು. ಅದರ ಜೊತೆಗೆ ಐದು ತಿಂಗಳು ಮೆತ್ತನೆ ನೀರಿಗೆ ಒಗ್ಗಿದ್ದ ಮೈಗೆ ಒಂದೇ ಗಂಟೆಯಲ್ಲಿ ಉಪ್ಪಿನ ಹೊರೆ. ಮೋಲಿ ಮೊದಲೇ ಅಲ್ಲಾಡ್ತಿದ್ದಕ್ಕೆ ಕಾರಣ ತಿರುಗಾಮುರುಗಾ: ಅದು ಗಡಸು ನೀರಿನ ಮೀನು, ನಿಮ್ಮ ಆರ್‌ಓ ನೀರಲ್ಲಿ ಅದಕ್ಕೆ ಬೇಕಾದ ಸುಣ್ಣದ ಅಂಶವೇ ಇರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಜನವರಿಯಲ್ಲಿ ನಿಯಾನ್ ಸತ್ತಿದ್ದು ಬರೀ ಪಿಎಚ್‌ನಿಂದ ಅಂತ ನನಗೆ ಅನ್ನಿಸಲ್ಲ. ಹೊಸ ಟ್ಯಾಂಕ್, ಹೊಸ ಸ್ಪಂಜ್, ಬ್ಯಾಕ್ಟೀರಿಯಾ ಇನ್ನೂ ನೆಲೆಯಾಗಿರಲಿಲ್ಲ. ಅವು ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಮೀನು ಬಿಟ್ಟರೆ ಆ ವಾರಗಳ ಅಮೋನಿಯಾ ಮೀನೇ ಕುಡಿಯಬೇಕು, ಅದೂ ಎಂಟರ ಪಿಎಚ್‌ನಲ್ಲಿ. ಅವತ್ತು ಅಂಗಡಿಯವರು ಪಿಎಚ್ ಬಾಟಲಿ ಬದಲು ಅಮೋನಿಯಾ ಕಿಟ್ ಕೊಟ್ಟಿದ್ದರೆ ಇಷ್ಟು ದೂರ ಬರ್ತಿರಲಿಲ್ಲ. ಆ ಬಾಟಲಿಯಲ್ಲಿ ಇರೋದು ಆಮ್ಲ. ಹಾಕಿದ ಕೂಡಲೇ ಒಂದಿಷ್ಟು ಬೈಕಾರ್ಬೊನೇಟನ್ನ ಇಂಗಾಲದ ಡೈಆಕ್ಸೈಡ್ ಮಾಡುತ್ತೆ, ಪಿಎಚ್ ಇಳಿಯುತ್ತೆ. ಸಂಜೆಯೊಳಗೆ ಆ ಗಾಳಿ ಹಾರಿಹೋಗುತ್ತೆ, ಗಂಟು ಇನ್ನೂ ದೊಡ್ಡದೇ ಇರೋದರಿಂದ ಪಿಎಚ್ ವಾಪಸ್. ದಿನಾ ಮೇಲೆ ಕೆಳಗೆ ಆಗೋದು ಮೀನಿಗೆ ನಿಂತ 8ಕ್ಕಿಂತ ಕಷ್ಟ.

ನಿಮ್ಮ ಪಿಎಚ್ ಕಿಟ್ ಬಗ್ಗೆಯೂ ಹುಷಾರು. ಹಳದಿಯಿಂದ ನೀಲಿಗೆ ಹೋಗೋ ಆ ದ್ರವ ಅಳೆಯೋದು 6.0ರಿಂದ 7.6ರವರೆಗೆ ಮಾತ್ರ. 5.2 ಇದ್ದರೂ ಹಳದಿ, 8.4 ಇದ್ದರೂ ನೀಲಿ. ಕಾರ್ಡಿನ ಎರಡು ತುದಿಯ ಬಣ್ಣ ಬಂದರೆ "ಇಷ್ಟು" ಅಂತ ಓದಬಾರದು, "ಇಷ್ಟಕ್ಕಿಂತ ಆಚೆ" ಅಂತ ಓದಬೇಕು. ಮೇಲಿನ ಅಳತೆಯ ಕಿಟ್ ಬೇರೆ ಸಿಗುತ್ತೆ.

ಈಗ ಮಾಡಬೇಕಾದ್ದು. ಟ್ಯಾಂಕ್ ನೀರು ಈಗ ಅರ್ಧ ಬೋರ್, ಅರ್ಧ ಆರ್‌ಓ ಆಗಿದೆ. ಅದೇ ಪ್ರಮಾಣದಲ್ಲಿ ಬಕೆಟ್‌ನಲ್ಲಿ ಬೆರೆಸಿ, ಬೆಳಿಗ್ಗೆ 30 ಲೀಟರ್, ಸಂಜೆ 30 ಲೀಟರ್ ಬದಲಾಯಿಸಿ. ಬೋರ್ ನೀರು ನೇರ ಹಾಕಬೇಡಿ, ಆರ್‌ಓ ನೀರು ಪೂರ್ತಿ ಹಾಕಿ ಪಿಎಚ್ ಇಳಿಸೋ ಪ್ರಯತ್ನವೂ ಬೇಡ. ಈಗ ಬೇಕಿರೋದು ನೀರಿನ ಗುಣ ಅಲ್ಲಾಡದೆ ಅಮೋನಿಯಾ ಮಾತ್ರ ಇಳಿಯೋದು. 1ಕ್ಕಿಂತ ಕೆಳಗೆ ಬಂದ ಮೇಲೆ ದಿನಕ್ಕೊಂದು ಸಲ ಸಾಕು. ಹತ್ತಿರದಲ್ಲಿ ಯಾರದಾದರೂ ಹಳೇ ಟ್ಯಾಂಕ್ ಇದ್ದರೆ ಅವರ ಕೊಳೆ ಸ್ಪಂಜು ಒಂದು ತುಂಡು ಬೇಡಿ ತನ್ನಿ. ಬಾಟಲಿ ಬ್ಯಾಕ್ಟೀರಿಯಾಗಿಂತ ನನಗೆ ಅದರ ಮೇಲೆ ನಂಬಿಕೆ.

ಮೀನು ಚೇತರಿಸಿಕೊಂಡ ಮೇಲೆ ಕೆಎಚ್ ಕಿಟ್ ತಗೊಳ್ಳಿ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಿ ಅಲ್ಲಾಡಿಸಬೇಕು, ಮೊದಲು ನೀಲಿ, ಇದ್ದಕ್ಕಿದ್ದ ಹಾಗೆ ಒಂದು ಹನಿಗೆ ಹಳದಿ. ಎಷ್ಟು ಹನಿಯೋ ಅಷ್ಟು ಡಿಗ್ರಿ. ಲ್ಯಾಬಿನಲ್ಲಿ ನಾವು ಬ್ಯೂರೆಟ್‌ನಲ್ಲಿ ಮಾಡೋದನ್ನೇ ನೀವು ಹನಿ ಎಣಿಸಿ ಮಾಡ್ತೀರಿ. ಬೋರ್ ನೀರು ಮತ್ತೆ ಆರ್‌ಓ ನೀರು ಎರಡನ್ನೂ ಅಳೆದು ಇಲ್ಲಿ ಹಾಕಿ, ಬೆರಕೆ ಎಷ್ಟು ಅಂತ ಲೆಕ್ಕ ಮಾಡೋಣ. ಬೋರ್ ನೀರಿನ ಪಿಎಚ್ ಅಳೆಯೋ ಮುಂಚೆ ಒಂದು ದಿನ ಬಕೆಟ್‌ನಲ್ಲಿ ಗಾಳಿ ಬಿಟ್ಟು ಇಡಿ. ಭೂಮಿಯಿಂದ ಬಂದ ಕೂಡಲೇ ಅದರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತೆ, ಪಿಎಚ್ ಕಮ್ಮಿ ತೋರಿಸಿ ಮೋಸ ಮಾಡುತ್ತೆ.

ಕಾಮಸಮುದ್ರ ಗಪ್ಪಿ

ನಾನು ಬಂಗಾರಪೇಟೆ ತಾಲ್ಲೂಕಿನವನು. ಮೇಡಂ ಹೇಳಿದ್ದರಲ್ಲಿ ಒಂದಕ್ಷರ ತೆಗೆಯೋ ಹಾಗಿಲ್ಲ. ಆದರೂ ನನ್ನ ಅಭಿಪ್ರಾಯ ಒಂದಿದೆ, ಅದನ್ನ ಹೇಳದೆ ಇರೋಕಾಗಲ್ಲ. ನೀರನ್ನ ಮೀನಿಗೆ ತಕ್ಕ ಹಾಗೆ ಬದಲಾಯಿಸೋದಕ್ಕಿಂತ ನೀರಿಗೆ ತಕ್ಕ ಮೀನು ಸಾಕೋದು ವಾಸಿ. 1990ರ ದಶಕದಲ್ಲಿ ನಮ್ಮ ಕಾಮಸಮುದ್ರದ ಕಡೆ ಊರೂರಲ್ಲಿ ಮಲೇರಿಯಾ ತಡೆಯೋಕೆ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಬಿಟ್ಟಿದ್ದರು. ಸೊಳ್ಳೆ ಮರಿ ತಿಂದುಕೊಂಡು ಅವು ನಮ್ಮ ನೀರಲ್ಲೇ ಬದುಕಿದವು. ನಮ್ಮ ತಾತನ ಬಾವಿಯಲ್ಲಿ ಮೆಟ್ಟಿಲ ಪಕ್ಕ ಗುಂಪುಗುಂಪಾಗಿ ಸುತ್ತಾಡ್ತಿದ್ದ ಗಪ್ಪಿ ನೋಡೇ ನನಗೆ ಈ ಹುಚ್ಚು ಹತ್ತಿದ್ದು. ಆ ಬಾವಿಯಲ್ಲಿ ಈಗ ನೀರಿಲ್ಲ, ಅದು ಬೇರೆ ಮಾತು.

ನನ್ನ ಹತ್ತಿರ ಎಂಟು ಟ್ಯಾಂಕ್, ಎರಡು ಸಿಮೆಂಟ್ ತೊಟ್ಟಿ ಇವೆ. ಎಲ್ಲಾ ಬರೀ ಬೋರ್ ನೀರು. ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ ಎಲ್ಲ ಮರಿ ಹಾಕ್ತವೆ. ಪಿಎಚ್ 8ರ ಮೇಲೆ, ವರ್ಷವೆಲ್ಲ ಅಷ್ಟೇ. ಇವತ್ತಿನವರೆಗೂ ಒಂದು ಹನಿ ದ್ರವ ಹಾಕಿಲ್ಲ.

ಫಿಲ್ಟರ್ ಬಗ್ಗೆ ನನ್ನ ಅನುಭವ. ದುಡ್ಡಿನ ಫಿಲ್ಟರ್ ಯಾವುದೂ ಬೇಡ, ಎರಡು ಸ್ಪಂಜ್ ಫಿಲ್ಟರ್ ಹಾಕಿ, ಒಂದು ಏರ್ ಪಂಪಿನಿಂದ ಎರಡಕ್ಕೂ ಗಾಳಿ. ಒಂದನ್ನ ಈ ತಿಂಗಳು ತೊಳೆದರೆ ಇನ್ನೊಂದನ್ನ ಮುಂದಿನ ತಿಂಗಳು. ತೊಳೆಯೋದು ಟ್ಯಾಂಕಿನಿಂದ ತೆಗೆದ ನೀರಲ್ಲೇ, ಬಕೆಟ್‌ನಲ್ಲಿ ಮೂರು ಸಲ ಹಿಂಡಿ ಬಿಡಬೇಕು. ಕಂದು ಬಣ್ಣ ಪೂರ್ತಿ ಹೋಗೋ ಹಾಗೆ ಉಜ್ಜಬಾರದು, ಆ ಕಂದು ಬಣ್ಣವೇ ನಿಮ್ಮ ಫಿಲ್ಟರ್. ಕಾರ್ಬನ್ ಕಾರ್ಟ್ರಿಜ್ ತಿಂಗಳಿಗೊಂದು ಬದಲಾಯಿಸಿ ಅಂತ ಹೇಳ್ತಾರಲ್ಲ, ಬದಲಾಯಿಸಿದಾಗಲೆಲ್ಲ ಅದರ ಮೇಲೆ ಕೂತಿದ್ದ ಬ್ಯಾಕ್ಟೀರಿಯಾ ಕಸದ ಬುಟ್ಟಿಗೆ. ಮೀನಿಗೆ ಔಷಧಿ ಹಾಕಿದ ಮೇಲೆ ಅದನ್ನ ನೀರಿಂದ ತೆಗೆಯೋಕೆ ಕಾರ್ಬನ್ ಬೇಕು, ಉಳಿದ ದಿನ ಆ ಜಾಗದಲ್ಲಿ ಸಿರಾಮಿಕ್ ರಿಂಗ್ ಇಲ್ಲಾ ಇನ್ನೊಂದು ಸ್ಪಂಜ್ ತುಂಡು ಇರಲಿ.

ಕರೆಂಟ್ ಹೋಗೋ ಊರಲ್ಲಿ ಸ್ಪಂಜೇ ಒಳ್ಳೆಯದು. ಏರ್ ಪಂಪು ನಾಲ್ಕೈದು ವ್ಯಾಟ್, ಯುಪಿಎಸ್ ಮೇಲೆ ರಾತ್ರಿಯೆಲ್ಲ ಓಡುತ್ತೆ. ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ನಾಲ್ಕೈದು ಗಂಟೆ ನಿಂತರೆ ಒಳಗೆ ನೀರು ಕೊಳೆಯೋಕೆ ಶುರು ಆಗುತ್ತೆ. ಕರೆಂಟ್ ಬಂದ ಕೂಡಲೇ ಆ ನೀರು ಟ್ಯಾಂಕಿಗೆ ಬಂದರೆ ಮೀನು ಒದ್ದಾಡುತ್ತವೆ, ಅಂಥ ಫಿಲ್ಟರ್ ಇರೋರು ಡಬ್ಬಿಯ ನೀರು ಚೆಲ್ಲಿ ಆಮೇಲೆ ಆನ್ ಮಾಡಿ. ಇನ್ನೊಂದು, ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಪ್ಪತ್ತು ರೂಪಾಯಿ ವಾಲ್ವ್ ಇಲ್ಲದೆ ನಮ್ಮ ಮನೆಯಲ್ಲಿ ಒಂದು ರಾತ್ರಿ ಅರ್ಧ ಟ್ಯಾಂಕ್ ನೀರು ನೆಲಕ್ಕೆ ಇಳಿದಿತ್ತು.

ಟೇಕಲ್ ರೋಡ್ ಅಣ್ಣ, ಕೋಲಾರ ಬಂಗಾರಪೇಟೆ ಎಷ್ಟು ದೂರ? ಒಂದು ಪೂರ್ತಿ ಸ್ಪಂಜ್ ಕೊಡ್ತೀನಿ, ಎರಡು ವರ್ಷದ್ದು. ಇನ್‌ಬಾಕ್ಸಿಗೆ ಬನ್ನಿ. ಬರುವಾಗ ಬಕೆಟ್ ತನ್ನಿ, ನೀರಲ್ಲಿ ಮುಳುಗಿಸಿಕೊಂಡೇ ಹೋಗಬೇಕು, ಒಣಗಿದರೆ ಕೆಲಸಕ್ಕೆ ಬರಲ್ಲ.

ಗೌರಿಬಿದನೂರು

ನಡುವೆ ಬರ್ತಿದ್ದೀನಿ, ಕ್ಷಮಿಸಿ. ನಮ್ಮ ಮನೆಗೆ ಉಪ್ಪು ಹಾಕೋ ಸಾಫ್ಟ್‌ನರ್ ಹಾಕಿಸಿದ್ದೀವಿ. ಸೋಪು ಚೆನ್ನಾಗಿ ನೊರೆ ಬರುತ್ತೆ. ಆ ನೀರು ನಿಯಾನ್‌ಗೆ ಆಗುತ್ತಾ? ಬಾದಾಮಿ ಎಲೆ ಹಾಕಿದರೆ ಪಿಎಚ್ ಇಳಿಯುತ್ತೆ ಅಂತಲೂ ಕೇಳಿದ್ದೀನಿ. ನಮ್ಮ ಬೀದಿಯಲ್ಲೇ ಮರ ಇದೆ.

ಚಿಂತಾಮಣಿ ಲ್ಯಾಬ್

ಸಾಫ್ಟ್‌ನರ್ ಮಾಡೋದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡೋದು. ಜಿಎಚ್, ಅಂದರೆ ಆ ಎರಡರಿಂದ ಬರೋ ಗಡಸುತನ, ಇಳಿಯುತ್ತೆ, ಅದಕ್ಕೇ ನೊರೆ ಬರುತ್ತೆ. ಬೈಕಾರ್ಬೊನೇಟ್ ಮಾತ್ರ ಅಲ್ಲೇ ಇರುತ್ತೆ. ಪಿಎಚ್ ಹಾಗೇ 8, ಮೀನಿಗೆ ಬೇಕಾದ ಕ್ಯಾಲ್ಸಿಯಂ ಇಲ್ಲ, ಬೇಡದ ಸೋಡಿಯಂ ಬಂತು. ನಿಯಾನ್‌ಗೂ ಆಗಲ್ಲ, ಗಪ್ಪಿಗೂ ಒಳ್ಳೆಯದಲ್ಲ. ಸಾಫ್ಟ್‌ನರ್‌ಗೆ ಹೋಗೋ ಮುಂಚಿನ ನಲ್ಲಿಯಿಂದ ಬೋರ್ ನೀರು ಹಿಡಿದು ಆರ್‌ಓ ಜೊತೆ ಬೆರೆಸಿ.

ಬಾದಾಮಿ ಎಲೆ ನನಗೆ ಇಷ್ಟ. ಮರದಿಂದ ತಾನಾಗಿ ಉದುರಿದ ಒಣ ಎಲೆ, ರಸ್ತೆ ಧೂಳು ಹೋಗೋ ಹಾಗೆ ತೊಳೆದು, 50 ಲೀಟರಿಗೆ ಒಂದು ಹಾಕಿ. ನೀರು ತಿಳಿ ಟೀ ಬಣ್ಣಕ್ಕೆ ತಿರುಗುತ್ತೆ, ಟೆಟ್ರಾಗಳು ಅಂಥ ನೀರಲ್ಲಿ ನೆಮ್ಮದಿಯಾಗಿ ಇರ್ತವೆ. ಆದರೆ ಪೂರ್ತಿ ಬೋರ್ ನೀರಲ್ಲಿ ಹತ್ತು ಎಲೆ ಹಾಕಿದರೂ ಪಿಎಚ್ ಇಳಿಯಲ್ಲ, ಎಲೆಯ ಆಮ್ಲಕ್ಕೆ ಅಷ್ಟು ಶಕ್ತಿ ಇಲ್ಲ. ಮೊದಲು ಕೆಎಚ್ ಇಳಿಸಬೇಕು, ಆಮೇಲೆ ಎಲೆ. ಪೂರ್ತಿ ಆರ್‌ಓ ನೀರಿಗೆ ಎಲೆ ಹಾಕಿದರೆ ಅದು ಇನ್ನೊಂದು ಅಪಾಯ, ತಡೆಯೋರೇ ಇಲ್ಲದೆ ಪಿಎಚ್ ಬೀಳುತ್ತೆ.

ಟ್ಯಾಂಕಿನಲ್ಲಿ ಯಾವ ಕಲ್ಲು ಇದೆ ಅಂತಲೂ ಎಲ್ಲರೂ ಒಮ್ಮೆ ನೋಡಿಕೊಳ್ಳಿ. ಬಿಳಿ ಮಾರ್ಬಲ್ ಚೂರು, ಚಿಪ್ಪು, ಹವಳದ ಮರಳು ಇದ್ದರೆ ಅವು ಕರಗಿ ಗಡಸುತನ ಏರಿಸ್ತಾನೇ ಇರುತ್ತವೆ. ನಾಲ್ಕು ಹನಿ ವಿನೆಗರ್ ಬಿಡಿ, ಗುಳ್ಳೆ ಬಂದರೆ ಸುಣ್ಣದ ಕಲ್ಲು. ನಮ್ಮ ಕಡೆಯ ಗ್ರಾನೈಟ್ ಚೂರಿಗೆ ಏನೂ ಆಗಲ್ಲ, ಧೈರ್ಯವಾಗಿ ಹಾಕಿ.

ಟೇಕಲ್ ರೋಡ್, ಕೋಲಾರ

ಆರು ವಾರ ಆದ ಮೇಲೆ ಬರೀತಿದ್ದೀನಿ. ತಡ ಆಗಿದ್ದಕ್ಕೆ ಕ್ಷಮೆ ಇರಲಿ, ಪೂರ್ತಿ ಫಲಿತಾಂಶ ನೋಡಿ ಹೇಳೋಣ ಅಂತ ಕಾಯ್ತಿದ್ದೆ.

ಅವತ್ತೇ ಸಂಜೆ ಬಂಗಾರಪೇಟೆಗೆ ಹೋಗಿ ಅಣ್ಣನ ಹತ್ತಿರ ಸ್ಪಂಜ್ ತಂದೆ. ಬಕೆಟ್ ಮೊಣಕಾಲ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ, ಕಂಡಕ್ಟರ್ ಮೀನು ಎಲ್ಲಿ ಅಂತ ಕೇಳಿದರು. ಅದನ್ನ ಟ್ಯಾಂಕಿಗೆ ಇಳಿಸಿ ಗಾಳಿ ಬಿಟ್ಟಾಗ ಕಂದು ಮೋಡ ಎದ್ದಿತು, ನನ್ನ ಗಾಜಿನಂಥ ನೀರು ಹೋಯಿತು ಅಂತ ಒಂದು ಕ್ಷಣ ಹೊಟ್ಟೆ ಚುರ್ ಅಂತು. ಬೆಳಿಗ್ಗೆಯೊಳಗೆ ತಿಳಿಯಾಯಿತು. ಮೇಡಂ ಹೇಳಿದ ಹಾಗೆ ದಿನಕ್ಕೆರಡು ಸಲ ಬೆರಕೆ ನೀರು. ನಾಲ್ಕನೇ ದಿನ ಅಮೋನಿಯಾ 1, ಒಂಬತ್ತನೇ ದಿನ 0.25. ಎರಡನೇ ವಾರ ನೈಟ್ರೈಟ್ ಏರಿತು, ಅದು ಗುಲಾಬಿಯಿಂದ ನೇರಳೆಗೆ ಹೋದಾಗ ಮತ್ತೆ ಭಯ ಆಯಿತು, ಹತ್ತು ದಿನಕ್ಕೆ ಇಳೀತು. ಈಗ ಎರಡೂ ಸೊನ್ನೆ. ಆ ನಡುವೆ ಇನ್ನೊಂದು ನಿಯಾನ್ ಹೋಯಿತು. ಉಳಿದ ಹನ್ನೆರಡು ಇವೆ.

ಕೆಎಚ್ ಅಳತೆ: ಒಂದು ದಿನ ಗಾಳಿ ಬಿಟ್ಟ ಬೋರ್ ನೀರಿಗೆ 16 ಹನಿ. ಹದಿನೈದನೇ ಹನಿವರೆಗೂ ನೀಲಿ, ಹದಿನಾರಕ್ಕೆ ಪಟ್ಟಂತ ಹಳದಿ. ಆರ್‌ಓ ನೀರಿಗೆ ಮೊದಲ ಹನಿಗೇ ಹಳದಿ. ಅದನ್ನ ನೋಡಿದಾಗಲೇ ಮೇಡಂ ಬರೆದಿದ್ದು ಪೂರ್ತಿ ಅರ್ಥ ಆಗಿದ್ದು. ಐದು ತಿಂಗಳು ಮೀನುಗಳನ್ನ ನಾನು ಇಟ್ಟಿದ್ದು ಆ ಒಂದು ಹನಿಯ ಮೇಲೆ. ಹಳೇ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಭಾನುವಾರ ಹನಿ ಎಣಿಸಿ ಬರೆದಿಡ್ತೀನಿ.

ಬೆರಕೆ ಎಷ್ಟು ಇರಲಿ ಅಂತ ಕೇಳಬೇಕಿತ್ತು. ನಿಯಾನ್, ಕೋರಿ ಇಟ್ಟುಕೊಳ್ಳೋ ಆಸೆ ಬಿಡೋಕಾಗ್ತಿಲ್ಲ. ಮೋಲಿ ಮೂರನ್ನೂ ಗಪ್ಪಿ ಅಣ್ಣನಿಗೆ ಕೊಡೋದು ಅಂತ ಮಾತಾಗಿದೆ, ಅವರ ಬೋರ್ ನೀರಿನ ತೊಟ್ಟಿಗೆ.

ಚಿಂತಾಮಣಿ ಲ್ಯಾಬ್

ಒಳ್ಳೆ ಸುದ್ದಿ. ಮೋಲಿ ಕೊಡೋ ನಿರ್ಧಾರ ಸರಿ, ಎರಡು ಥರದ ನೀರು ಬೇಡೋ ಮೀನು ಒಂದೇ ಟ್ಯಾಂಕಿನಲ್ಲಿ ಇದ್ದರೆ ಯಾವುದೋ ಒಂದು ಯಾವಾಗಲೂ ಸೋಲುತ್ತೆ. ಪ್ಲಾಟಿ ನಡುವಿನ ನೀರಿಗೆ ಹೊಂದಿಕೊಳ್ಳುತ್ತೆ, ಇರಲಿ.

ಬೋರ್ 16, ಆರ್‌ಓ ಹತ್ತಿರ ಹತ್ತಿರ ಸೊನ್ನೆ ಅಂದರೆ ಒಂದು ಪಾಲು ಬೋರ್‌ಗೆ ಮೂರು ಪಾಲು ಆರ್‌ಓ. 20 ಲೀಟರ್ ಕ್ಯಾನಿನಲ್ಲಿ 5 ಲೀಟರ್ ಬೋರ್, 15 ಲೀಟರ್ ಆರ್‌ಓ, ಕೆಎಚ್ 4 ಬರುತ್ತೆ. ನಿಯಾನ್‌ಗೂ ಸರಿ, ಬ್ಯಾಕ್ಟೀರಿಯಾಕ್ಕೂ ಕೆಲಸ ಮಾಡೋಕೆ ಸಾಕು. ಈಗಿನ ನೀರಿನ ಕೆಎಚ್ 8ರ ಹತ್ತಿರ ಇರುತ್ತೆ, ಅಲ್ಲಿಂದ 4ಕ್ಕೆ ಒಂದೇ ವಾರದಲ್ಲಿ ಇಳಿಸಬೇಡಿ. ವಾರಕ್ಕೆರಡು ಕ್ಯಾನ್ ಈ ಬೆರಕೆ ಹಾಕ್ತಾ ಹೋಗಿ, ಎರಡು ತಿಂಗಳಲ್ಲಿ ತಾನಾಗಿ ಅಲ್ಲಿಗೆ ಬರುತ್ತೆ. ಬೋರ್ ನೀರು ಸಿಗದ ದಿನ ಅಡುಗೆ ಸೋಡಾ ನೆನಪಿರಲಿ: 100 ಲೀಟರ್‌ಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತೆ. ಲೋಟದಲ್ಲಿ ಕರಗಿಸಿ ನಿಧಾನ ಬಿಡಿ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ.

ನಿಮ್ಮ ನೇತುಹಾಕೋ ಫಿಲ್ಟರ್ ಗಂಟೆಗೆ ಎಷ್ಟು ಲೀಟರ್ ಅಂತ ಡಬ್ಬಿ ಮೇಲೆ ನೋಡಿ. 130 ಲೀಟರ್ ಟ್ಯಾಂಕಿಗೆ 500, 600 ಇದ್ದರೆ ಸಾಕು. ಬಂಗಾರಪೇಟೆ ಸ್ಪಂಜು ಮಾತ್ರ ತೆಗೀಬೇಡಿ, ಅದರ ಜೊತೆಯಲ್ಲೇ ಇರಲಿ. ಹೊಸ ನಿಯಾನ್ ತರೋದು ಕೆಎಚ್ ಎರಡು ಭಾನುವಾರ ಒಂದೇ ಬಂದ ಮೇಲೆ, ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ.

ಟೇಕಲ್ ರೋಡ್, ಕೋಲಾರ

ಆಯ್ತು ಅಕ್ಕ. ಇವತ್ತು ಕ್ಯಾನಿನ ಮೇಲೆ ಮಾರ್ಕರ್‌ನಲ್ಲಿ 5 ಲೀಟರ್ ಗೆರೆ ಎಳೆದಿಟ್ಟಿದ್ದೀನಿ. ಗೆರೆವರೆಗೂ ಬೋರ್ ನೀರು ನಾನು ತುಂಬ್ತೀನಿ, ಉಳಿದಿದ್ದು ಘಟಕದಲ್ಲಿ. ಅಮ್ಮನ ಬೇಳೆ ಕ್ಯಾನಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದೀನಿ.